ಸೋಮವಾರ ಮೊದಲ ಸಲ ಅಭ್ಯಂಗಕ್ಕೆ ಹೋಗುತ್ತಿದ್ದೇನೆ, ಒಳಗೆ ಏನೇನು ಮಾಡುತ್ತಾರೆ?

ಹೊಲಿಗೆಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಮದುವೆ ಸೀಸನ್ ಬಂದರೆ ರಾತ್ರಿ ಹನ್ನೊಂದಾದರೂ ಮೆಷಿನ್ ಬಿಟ್ಟು ಏಳುವುದಿಲ್ಲ. ಈಗ ಕುತ್ತಿಗೆಯಿಂದ ಬಲಭುಜದವರೆಗೆ ಹಿಡಿದುಕೊಂಡುಬಿಟ್ಟಿದೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಮೂಳೆಗೆ ಏನೂ ಆಗಿಲ್ಲ ಅಂದರು. ಆಮೇಲೆ ಆಯುರ್ವೇದ ಆಸ್ಪತ್ರೆಗೆ ಹೋದೆ. ಏಳು ದಿನ ಅಭ್ಯಂಗ (ಮೈಗೆ ಎಣ್ಣೆ ಹಚ್ಚಿ ಉಜ್ಜುವುದು) ಮತ್ತು ಸ್ವೇದನ (ಹಬೆ ಕೊಟ್ಟು ಬೆವರಿಸುವುದು) ಬರೆದುಕೊಟ್ಟಿದ್ದಾರೆ.

ಡಾಕ್ಟರ ಹತ್ತಿರ ಕೇಳಲು ಸಂಕೋಚವಾಯಿತು, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ಬಟ್ಟೆ ಪೂರ್ತಿ ತೆಗೆಯಬೇಕಾ? ಮಾಡುವವರು ಹೆಂಗಸರೇ ಇರುತ್ತಾರಾ? ತಾಳಿ ತೆಗೆದಿಡಲು ಮನಸ್ಸಿಲ್ಲ. ಬಿಪಿ ಮಾತ್ರೆ ತಗೊಳ್ಳುತ್ತೇನೆ, ಅವತ್ತು ತಗೊಳ್ಳಬಹುದಾ? ತುಂಬಾ ನೋವಾಗುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಎಣ್ಣೆಕೈ, ಉಡುಪಿ

ತಂಗಿ, ನಾನು ಆಯುರ್ವೇದ ಆಸ್ಪತ್ರೆಯಲ್ಲಿ ಇಂಥ ಎಣ್ಣೆ, ಹಬೆ ಚಿಕಿತ್ಸೆ ಕೊಡುವ ಪಂಚಕರ್ಮ ವಿಭಾಗದಲ್ಲಿ ಥೆರಪಿಸ್ಟ್ ಆಗಿದ್ದವಳು, ಈಗ ನಿವೃತ್ತಿ. ಮೊದಲ ದಿನ ಬರುವ ಹೆಂಗಸರು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತಾರೆ. ಕೇಳಿದ್ದು ಒಳ್ಳೆಯದಾಯಿತು.

ಹೆಂಗಸರಿಗೆ ಹೆಂಗಸರೇ ಮಾಡಬೇಕು. ಒಳ್ಳೆಯ ಆಸ್ಪತ್ರೆಯಲ್ಲಿ ಇದನ್ನು ಕೇಳುವ ಪ್ರಮೇಯವೇ ಬರುವುದಿಲ್ಲ. ಬಂದರೆ ಅಲ್ಲಿಂದ ಎದ್ದು ಬನ್ನಿ. ಬಟ್ಟೆ ಬದಲಿಸಲು ಪರದೆ ಅಥವಾ ಬೇರೆ ಕೋಣೆ ಇರುತ್ತದೆ. ಒಳಗೆ ಹಾಕಿಕೊಳ್ಳಲು ಅವರೇ ಲಂಗೋಟಿಯಂಥ ತೆಳುಬಟ್ಟೆ ಕೊಡುತ್ತಾರೆ. ಮೇಲೆ ಹೊದಿಸಲು ಒಂದು ಬಟ್ಟೆ ಇರುತ್ತದೆ, ಎಣ್ಣೆ ಹಚ್ಚುವ ಭಾಗವನ್ನಷ್ಟೇ ಸರಿಸುತ್ತಾರೆ. ಇಷ್ಟೂ ಬೇಡ, ಒಳಉಡುಪು ಇರಲಿ ಅನಿಸಿದರೆ ಹಳೆಯದೊಂದನ್ನು ಹಾಕಿಕೊಂಡು ಹೋಗಿ ಅವರಿಗೆ ಹೇಳಿ. ಎದೆಭಾಗ, ಹೊಟ್ಟೆ ಬೇಡ ಅಂದರೂ ಬಿಡುತ್ತಾರೆ. ನಿಮ್ಮ ತೊಂದರೆ ಇರುವುದು ಕುತ್ತಿಗೆ, ಭುಜದಲ್ಲಿ ತಾನೇ?

ತಾಳಿ ತೆಗೆಯಲೇಬೇಕು ಅಂತಿಲ್ಲ. ಆದರೆ ಕರಿಮಣಿ ಸಂದಿಯಲ್ಲಿ ಎಣ್ಣೆ ಕೂತರೆ ದಾರ ಬೇಗ ಹಾಳಾಗುತ್ತದೆ. ಕುತ್ತಿಗೆ ಉಜ್ಜುವಾಗ ಸರ ಕೈಗೆ ಸಿಕ್ಕಿಕೊಂಡು ಚರ್ಮ ಗೀರುವುದೂ ಉಂಟು. ಒಂದು ಅರಿಶಿನದ ದಾರಕ್ಕೆ ತಾಳಿ ಪೋಣಿಸಿಕೊಂಡು ಬರುವವರನ್ನು ತುಂಬಾ ನೋಡಿದ್ದೇನೆ, ಅದು ಸುಲಭ. ಬಳೆ, ಉಂಗುರ, ಓಲೆ ಮನೆಯಲ್ಲೇ ಬಿಟ್ಟು ಹೋಗಿ.

ಬಿಪಿ ಮಾತ್ರೆ ದಿನಾ ತಗೊಳ್ಳುವ ಹೊತ್ತಿಗೇ ತಗೊಳ್ಳಿ, ಬಿಡಬೇಡಿ. ಒಳಗೆ ಹೋಗುವ ಮುಂಚೆ ಬಿಪಿ ನೋಡುತ್ತಾರೆ, ನೋಡದಿದ್ದರೆ ನೀವೇ ಕೇಳಿ. ಊಟ ತಿಂಡಿ ಆಗಿ ಎರಡು ಮೂರು ಗಂಟೆ ಕಳೆದಿರಲಿ. ಹಾಗಂತ ಪೂರ್ತಿ ಉಪವಾಸ ಹೋಗಬೇಡಿ, ಹಬೆಯಲ್ಲಿ ತಲೆ ಸುತ್ತುತ್ತದೆ. ಜ್ವರ, ಅಜೀರ್ಣ ಇದ್ದರೆ ಅವತ್ತು ಬೇಡ. ಮುಟ್ಟಿನ ದಿನಗಳಲ್ಲೂ ಸಾಮಾನ್ಯವಾಗಿ ಮುಂದೂಡುತ್ತಾರೆ.

ಇನ್ನು ಒಳಗೆ. ದ್ರೋಣಿ ಅಂತ ಉದ್ದನೆಯ ಮರದ ಹಲಗೆ ಇರುತ್ತದೆ. ಅಂಚು ಎತ್ತರ, ಎಣ್ಣೆ ಹರಿದುಹೋಗಲು ಒಂದು ಕಡೆ ತೂತು. ಮೊದಲು ಸ್ಟೂಲಿನ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಹಾಕುತ್ತಾರೆ, ಅಲ್ಲಿಂದ ಕುತ್ತಿಗೆ, ಭುಜ. ಆಮೇಲೆ ಮಲಗಿಸುತ್ತಾರೆ. ಅಂಗಾತ, ಮಗ್ಗುಲಿಗೆ, ಬೋರಲು ಹೀಗೆ ಹೊರಳಿಸುತ್ತಾ ಮಾಡುತ್ತಾರೆ. ಕೈಕಾಲಿಗೆ ಉದ್ದಕ್ಕೆ ಎಳೆದು ಉಜ್ಜುವುದು, ಕೀಲುಗಳಿಗೆ ಸುತ್ತಿಸಿ ಉಜ್ಜುವುದು. ಕೆಲವು ಕಡೆ ಇಬ್ಬರು ಎರಡೂ ಬದಿ ನಿಂತು ಒಂದೇ ತಾಳದಲ್ಲಿ ಮಾಡುತ್ತಾರೆ. ಎಲ್ಲಾ ಸೇರಿ ಮುಕ್ಕಾಲು ಗಂಟೆ ಅಂದುಕೊಳ್ಳಿ. ಎಣ್ಣೆಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕಾಯಿಸಿರುತ್ತಾರೆ. ಧಾನ್ವಂತರವೋ, ಮಹಾನಾರಾಯಣವೋ, ಕ್ಷೀರಬಲವೋ, ಯಾವ ತೈಲ ಅಂತ ಡಾಕ್ಟರೇ ಬರೆದಿರುತ್ತಾರೆ. ಇವಕ್ಕೆಲ್ಲ ಸಾಮಾನ್ಯವಾಗಿ ಎಳ್ಳೆಣ್ಣೆಯೇ ಮೂಲ. ಎಳ್ಳು ನಿಮಗೆ ಆಗುವುದಿಲ್ಲ ಅಂದರೆ ಮೊದಲೇ ತಿಳಿಸಿ.

ನೋವಿನ ವಿಷಯ ನಾನು ಬಿಡಿಸಿ ಹೇಳಲೇಬೇಕು. ಗಂಟು ಕಟ್ಟಿದ ಮಾಂಸಖಂಡವನ್ನು ಒತ್ತಿದಾಗ ಸ್ವಲ್ಪ ನೋಯುತ್ತದೆ, ಜೊತೆಗೇ ಹಗುರಾದ ಹಾಗೂ ಅನಿಸುತ್ತದೆ. ಅದು ಇರಲಿ. ಉಸಿರು ಬಿಗಿಹಿಡಿಯುವಷ್ಟು ನೋವಾದರೆ, ಕೈಬೆರಳಿನವರೆಗೆ ಶಾಕ್ ಹೊಡೆದ ಹಾಗೆ ಅಥವಾ ಜೋಮು ಬಂದರೆ, ತಕ್ಷಣ "ನಿಲ್ಲಿಸಿ" ಅನ್ನಿ. ನಮ್ಮ ಹೆಂಗಸರು ಹಲ್ಲುಕಚ್ಚಿ ಮಲಗಿರುತ್ತಾರೆ. ಕೇಳಿದರೆ "ಇರಲಿ ಬಿಡಿ, ನೀವು ಮಾಡಿ" ಅನ್ನುತ್ತಾರೆ. ನನ್ನ ಕೈಗೆ ಅವರ ಭುಜ ಕಲ್ಲಾಗಿದ್ದು ಗೊತ್ತಾಗುತ್ತಿತ್ತು. ಮೈ ಬಿಗಿ ಮಾಡಿಕೊಂಡವರಿಗೆ ಎಷ್ಟು ಉಜ್ಜಿದರೂ ಪ್ರಯೋಜನ ಕಮ್ಮಿ. ಎಣ್ಣೆ ಬಿಸಿ ಜಾಸ್ತಿಯಾಯಿತು, ಒತ್ತಡ ಕಮ್ಮಿ ಮಾಡಿ, ಫ್ಯಾನ್ ಆರಿಸಿ, ಎಲ್ಲವನ್ನೂ ಹೇಳಿ. ಹೇಳಿದರೆ ನಮಗೆ ಬೇಜಾರಿಲ್ಲ, ಕೆಲಸ ಸುಲಭವಾಗುತ್ತದೆ. ಮತ್ತೆ, ಯಾರಾದರೂ ಕುತ್ತಿಗೆ ತಿರುಗಿಸಿ ಲಟಿಕೆ ತೆಗೆಯಲು ಬಂದರೆ ಖಂಡಿತ ಬೇಡ ಅನ್ನಿ. ಅದು ಅಭ್ಯಂಗದ ಭಾಗವೇ ಅಲ್ಲ.

ಮುಗಿದ ಮೇಲೆ ತಟ್ಟನೆ ಇಳಿಯಬೇಡಿ. ಮೊದಲು ಮಗ್ಗುಲಾಗಿ, ಕೂತು, ಆಮೇಲೆ ಇಳಿಯಿರಿ. ಎಣ್ಣೆಗಾಲು, ಟೈಲ್ಸ್ ನೆಲ. ನಾನು ಕೆಲಸದಲ್ಲಿ ಅತಿ ಹೆಚ್ಚು ಹೆದರುತ್ತಿದ್ದದ್ದು ಇದಕ್ಕೇ. ಥೆರಪಿಸ್ಟ್ ಕೈ ಹಿಡಿದುಕೊಂಡೇ ನಡೆಯಿರಿ.

ಕಾಲುನೋವು, ಬಸವನಗುಡಿ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಾಲಿನಲ್ಲಿ ಉಬ್ಬಿದ ನರ ಇರುವವರು, ಒಂದೇ ಕಾಲು ಊದಿಕೊಂಡು ಬಿಸಿಯಾಗಿ ನೋಯುವವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ದಯವಿಟ್ಟು ಮೊದಲು ಡಾಕ್ಟರಿಗೆ ಹೇಳಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಉಜ್ಜಿದಾಗ ಅದು ಜಾರಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ನಮ್ಮ ತಂದೆಗೆ ಉಬ್ಬಿದ ನರ ಇತ್ತು. ಡಾಕ್ಟರು ಕಾಲು ಬಿಟ್ಟು ಬೆನ್ನಿಗೆ ಮಾತ್ರ ಬರೆದುಕೊಟ್ಟರು.

ಖರ್ಚಿನ ಚಿಂತೆ ಇರುವವರಿಗೆ: ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಗಳಲ್ಲೂ ಪಂಚಕರ್ಮ ವಿಭಾಗ ಇರುತ್ತದೆ. ಮೈಸೂರಿನ ಕಾಲೇಜು 1908ರಿಂದ ಇದೆ. ಬೆಂಗಳೂರಿನವರಿಗೆ ಧನ್ವಂತರಿ ರಸ್ತೆಯ ಆಸ್ಪತ್ರೆ ಇದೆ.

ಹೊಲಿಗೆಮನೆ, ದಾವಣಗೆರೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಾಳಿ ವಿಷಯ ಮನಸ್ಸು ಹಗುರ ಮಾಡಿತು. ಅಕ್ಕಾ, ಇನ್ನೊಂದು. ಹಬೆಗೆ ಪೆಟ್ಟಿಗೆಯಲ್ಲಿ ಕೂರಿಸಿ ಬಾಗಿಲು ಹಾಕುತ್ತಾರಂತೆ. ನನಗೆ ಲಿಫ್ಟಿನಲ್ಲೇ ಉಸಿರು ಕಟ್ಟುತ್ತದೆ.

ಎಣ್ಣೆಕೈ, ಉಡುಪಿ

ಪೆಟ್ಟಿಗೆಯಲ್ಲಿ ತಲೆ ಹೊರಗೇ ಇರುತ್ತದೆ ತಂಗಿ, ಕುತ್ತಿಗೆವರೆಗೆ ಮಾತ್ರ ಒಳಗೆ. ಹಣೆ ಮೇಲೆ ಒದ್ದೆ ಬಟ್ಟೆ ಹಾಕುತ್ತಾರೆ. ಹತ್ತು ನಿಮಿಷದ ಆಸುಪಾಸು, ಚೆನ್ನಾಗಿ ಬೆವರು ಬಂದರೆ ಮುಗಿಯಿತು. ಆದರೂ ಭಯ ಅನಿಸಿದರೆ ಸೋಮವಾರವೇ ಡಾಕ್ಟರಿಗೆ ಹೇಳಿ. ನಿಮ್ಮದು ಭುಜದ ನೋವು, ಪೈಪಿನಲ್ಲಿ ಅಲ್ಲಿಗಷ್ಟೇ ಹಬೆ ಕೊಡಬಹುದು. ನಾಡಿಸ್ವೇದ ಅಂತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಇದನ್ನು ಓದುತ್ತಿದ್ದರೆ ಅವರೂ ಹೇಳಬೇಕು, ಅವರಿಗೆ ಬಿಸಿ ತಾಗಿದ್ದೇ ಗೊತ್ತಾಗುವುದಿಲ್ಲ.

ಹೋಗುವಾಗ ಹಳೇ ನೈಟಿ, ಹಳೇ ಟವೆಲ್, ತಲೆಗೆ ಕಟ್ಟಲು ಹತ್ತಿ ಬಟ್ಟೆ, ಹೆಸರುಹಿಟ್ಟು ಇಟ್ಟುಕೊಳ್ಳಿ. ಸ್ನಾನ ಬಿಸಿನೀರಿನಲ್ಲೇ. ಅವತ್ತು ಊಟಕ್ಕೆ ಅನ್ನ ಸಾರು ಸಾಕು. ಮೈ ಜಡ ಅನಿಸುತ್ತದೆ, ನಿದ್ದೆ ಬಂದ ಹಾಗಿರುತ್ತದೆ. ಸ್ಕೂಟಿ ಓಡಿಸಿಕೊಂಡು ಬರಬೇಡಿ, ಮನೆಯವರನ್ನು ಕರೆಸಿಕೊಳ್ಳಿ. ಮರುದಿನ ಭುಜ ಸ್ವಲ್ಪ ನೊಂದರೆ ಗಾಬರಿ ಬೇಡ. ಎರಡು ದಿನವಾದರೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಆ ಏಳು ದಿನ ಮೆಷಿನ್ ಮುಟ್ಟಬೇಡಿ. ಮತ್ತೆ ಶುರು ಮಾಡುವಾಗ ಸ್ಟೂಲಿನ ಎತ್ತರ ನೋಡಿ. ಹೊಲಿಯುವಾಗ ಬಲಭುಜ ಕಿವಿ ಕಡೆಗೆ ಏರುತ್ತಿದ್ದರೆ ಸ್ಟೂಲು ತಗ್ಗಾಗಿದೆ ಅಂತ ಅರ್ಥ, ಕೆಳಗೆ ದಪ್ಪ ದಿಂಬು ಹಾಕಿಕೊಳ್ಳಿ.