ತಂಬೋನ್ ಅಂದ್ರೆ ನಮ್ಮ ಪಂಚಾಯಿತಿನಾ, ಹೋಬಳಿನಾ?

ಮಾದಾಪುರದ_ಕಾಫಿಕಣ:
ಭಾವ ಥಾಯ್ಲೆಂಡಿನಿಂದ ಒಂದು ಪ್ಯಾಕೆಟ್ ಕಾಫಿ ತಂದುಕೊಟ್ಟರು. ಹಿಂದುಗಡೆ ವಿಳಾಸ ಹೀಗಿದೆ: ಮೂ 3, ತಂಬೋನ್ ವಾವಿ, ಆಂಫೋ ಮೇ ಸುಆಯ್, ಚಿಯಾಂಗ್ ರಾಯ್. ಕಡೆಯದು ಊರಿನ ಹೆಸರು ಅಂತ ಗೊತ್ತು. ಉಳಿದದ್ದು ಏನು? ಮೂರು ಸಲ ಓದಿದೆ, ತಲೆಗೆ ಹತ್ತಲಿಲ್ಲ.

ಮಳೆಗಾಲ_ಮಡಿಕೇರಿ:
ಹಿಂದಿನಿಂದ ಓದಿ. ಚಿಯಾಂಗ್ ರಾಯ್ ಊರೂ ಹೌದು, ಪ್ರಾಂತ್ಯವೂ ಹೌದು. ಬ್ಯಾಂಕಾಕ್ ಬಿಟ್ಟರೆ ಅಂಥವು 76 ಇವೆ. ಆಂಫೋ ನಮ್ಮ ತಾಲ್ಲೂಕಿನ ಹಾಗೆ. ಅದರೊಳಗೆ ತಂಬೋನ್, ಅಂದ್ರೆ ಹೋಬಳಿ ಅಂದುಕೊಳ್ಳಿ. ದೇಶದಲ್ಲಿ ಏಳು ಸಾವಿರಕ್ಕಿಂತ ಜಾಸ್ತಿ ತಂಬೋನ್ ಇವೆ. ಮೂ 3 ಅಂದ್ರೆ ಆ ತಂಬೋನಿನ 3ನೇ ಹಳ್ಳಿ. ಹಳ್ಳಿಗೆ ಹೆಸರಿದ್ದರೂ ವಿಳಾಸದಲ್ಲಿ ನಂಬರೇ ಸಾಕು.

ನಾಪೋಕ್ಲು_ನೆಂಟ:
ಹೋಬಳಿ ಅಂದ್ರೆ ಅರ್ಧ ಸರಿ ಅಷ್ಟೇ. ನಮ್ಮ ಹೋಬಳಿಗೆ ಚುನಾವಣೆ ಎಲ್ಲಿದೆ? ಅಲ್ಲಿ ಒಂದೇ ತಂಬೋನಿಗೆ ಎರಡು ಕುರ್ಚಿ. ಒಂದು ಕಮ್ನಾನ್‌ದು. ತಂಬೋನಿನ ಹಳ್ಳಿ ಮುಖ್ಯಸ್ಥರಲ್ಲೇ ಒಬ್ಬರು ಕಮ್ನಾನ್ ಆಗುತ್ತಾರೆ, ತಮ್ಮ ಹಳ್ಳಿಯನ್ನೂ ನೋಡಿಕೊಳ್ಳುತ್ತಾರೆ, 60 ವರ್ಷ ಆಗುವವರೆಗೆ ಇರಬಹುದು. ಹಳೇ ಪಟೇಲರ ನೆನಪಾಗುತ್ತೆ, ಆದ್ರೆ ಇದು ಮನೆತನದ ಹಕ್ಕಲ್ಲ. ಇನ್ನೊಂದು ಕುರ್ಚಿ ತಂಬೋನ್ ಆಡಳಿತ ಸಂಸ್ಥೆಯದು, 1994ರ ಕಾಯ್ದೆಯಿಂದ ಬಂದದ್ದು. ಅದರ ಮುಖ್ಯಸ್ಥರನ್ನು ನಾಯೋಕ್ ಅಂತಾರೆ. ಹೌದು, ನಮ್ಮ ‘ನಾಯಕ’ನೇ, ಸಂಸ್ಕೃತದಿಂದ ಹೋದ ಪದ. ನಮ್ಮಲ್ಲಿ ಪಂಚಾಯಿತಿ ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ, ಅಲ್ಲಿ ನಾಯೋಕ್‌ಗೆ ಜನರೇ ನೇರ ಓಟು ಹಾಕುತ್ತಾರೆ. ಸ್ವಲ್ಪ ಪಟ್ಟಣದ ಹಾಗಿರೋ ಕಡೆ ಈ ಸಂಸ್ಥೆಯ ಬದಲು ತೇಸಬಾನ್ ಅಂತ ಪುರಸಭೆ ಇರುತ್ತೆ.

ಮಾದಾಪುರದ_ಕಾಫಿಕಣ:
ಹಾಗಾದ್ರೆ ತೋಟದ ದಾರಿಯ ಮೋರಿ ಕುಸಿದರೆ ಯಾರ ಹತ್ತಿರ ಹೋಗಬೇಕು? ನಾನು ಹೋದ ಮಳೆಗಾಲದಲ್ಲಿ ಒಂದು ಮೋರಿಗೆ ನಾಲ್ಕು ಕಡೆ ಅಲೆದೆ, ಅದಕ್ಕೇ ಕೇಳ್ತಾ ಇದ್ದೀನಿ.

ನಾಪೋಕ್ಲು_ನೆಂಟ:
ಮೋರಿಗೆ ನಾಯೋಕ್. ಹಳ್ಳಿ ರಸ್ತೆ, ನೀರು, ಕಸ ಎಲ್ಲ ಆ ಕಡೆ. ಜಗಳ ಬಿಡಿಸೋದು, ಆಂಫೋ ಆಫೀಸಿನ ಸುದ್ದಿಯನ್ನು ಹಳ್ಳಿಗೆ ಮುಟ್ಟಿಸೋದು ಕಮ್ನಾನ್ ಕಡೆ. ಇಬ್ಬರಿಗೂ ಒಂದೇ ಜನ, ಒಂದೇ ನೆಲ. ತಿಕ್ಕಾಟ ಇಲ್ಲದೆ ಇರುತ್ತಾ, ಹೇಳಿ?

ಬೆಟ್ಟದ_ಮನೆ:
ಜಾಗದ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ. ದೋಯ್ ಛಾಂಗ್ ಇರೋದು ಈ ವಾವಿಯಲ್ಲೇ. ದೋಯ್ ಅಂದ್ರೆ ಬೆಟ್ಟ, ಛಾಂಗ್ ಅಂದ್ರೆ ಆನೆ. ಹೆಸರಲ್ಲಿ ಮಾತ್ರ ಆನೆ ಇದ್ದರೆ ಎಷ್ಟು ಚೆನ್ನ, ತೋಟಕ್ಕೆ ಆನೆ ನುಗ್ಗೋ ನಮ್ಮ ಕೊಡಗಿನ ಸಿದ್ದಾಪುರದವರನ್ನು ಕೇಳಿ! ಅಲ್ಲಿ ಅಖಾ, ಲಿಸು ಅನ್ನೋ ಬೆಟ್ಟದ ಬುಡಕಟ್ಟು ಜನ ಜಾಸ್ತಿ. ಮೊದಲು ಅಫೀಮು ಬೆಳೆಯುತ್ತಿದ್ದ ಬೆಟ್ಟ, ಈಗ ಅರೇಬಿಕಾ. ಅವರ ಕಾಫಿಗೆ ಯುರೋಪಿನ ಭೌಗೋಳಿಕ ಗುರುತು (ಜಿಐ, ಇದು ಆ ಜಾಗದ್ದೇ ಬೆಳೆ ಅನ್ನೋ ಮುದ್ರೆ) 2015ರಲ್ಲಿ ಸಿಕ್ಕಿತು, ನಮ್ಮ ಕೊಡಗಿನ ಅರೇಬಿಕಾಗೆ ಇಲ್ಲಿನದು 2019ರಲ್ಲಿ. ಇನ್ನು ಮೇ ಸುಆಯ್‌ನಲ್ಲಿರೋ ‘ಮೇ’ ಅಂದ್ರೆ ತಾಯಿ. ನದಿಗೆ ಅಲ್ಲಿ ‘ನೀರಿನ ತಾಯಿ’ ಅಂತಾರೆ. ಕಾವೇರಮ್ಮೆ ಅನ್ನೋ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಆ ಬೆಟ್ಟದ ನೀರು ಲಾವ್, ಕೋಕ್ ನದಿಗಳ ಮೂಲಕ ಮೆಕಾಂಗ್ ಸೇರುತ್ತೆ.

ಮಾದಾಪುರದ_ಕಾಫಿಕಣ:
ಎಲ್ಲರಿಗೂ ಥ್ಯಾಂಕ್ಸ್. ಪ್ಯಾಕೆಟ್ ಈಗ ಒಡೆದೆ. ಚಿಕೋರಿ ಇಲ್ಲ, ಅಮ್ಮ ಒಂದು ಗುಟುಕು ಕುಡಿದು ‘ನೀರು’ ಅಂದರು.