ದಾವಣಗೆರೆ ಗಾರ್ಮೆಂಟ್ಸ್: ಮೂರು ತಿಂಗಳಿಗೆ ಎಷ್ಟು ಟೈಲರ್ ತಗೋಬೇಕು? (ಚರ್ಚೆ; ಪ್ರತಿ ಮಾತಿನ ಮೇಲಿರೋದು ಮಾತಾಡಿದವರ ಅಡ್ಡಹೆಸರು)

ಮಸ್ಟರ್ ಬುಕ್
ಶರ್ಟ್ ಯೂನಿಟ್. ದಿನಾ 200 ಮಿಷನ್ ಓಡಬೇಕು. ಮಸ್ಟರ್‌ನಲ್ಲಿ (ಹಾಜರಿ ಪಟ್ಟಿಯಲ್ಲಿ) 214 ಜನ, ಸದ್ಯಕ್ಕೆ ಎಲ್ಲರೂ 90 ದಿನ ದಾಟಿದವರು. ಗೈರುಹಾಜರಿ 10%, ತಿಂಗಳಿಗೆ ಬಿಡೋರು 4%. ಹೊಸಬರಲ್ಲಿ 90 ದಿನ ನಿಲ್ಲೋರು ನೂರಕ್ಕೆ 70. ನನ್ನ ಲೆಕ್ಕ: 200 ÷ 0.9 = 222, ಅಂದ್ರೆ ಕೊರತೆ 8. ಮೂರು ತಿಂಗಳಲ್ಲಿ ಬಿಡೋರು 26. ಒಟ್ಟು 34, ಅದನ್ನ 0.7ರಿಂದ ಭಾಗಿಸಿದ್ರೆ 49. ಮಾಲೀಕರು ಒಪ್ತಿಲ್ಲ. ಲೆಕ್ಕ ಸರಿ ಇದೆಯಾ?

ಲೆಕ್ಕಿಗ
ಮಾಲೀಕರ ಅನುಮಾನ ಸರಿನೇ ಇದೆ ಸಾರ್. ಆ 4%ರಲ್ಲಿ ಬಂದ ಹೊಸದರಲ್ಲೇ ಬಿಟ್ಟವರೂ ಸೇರಿದ್ದಾರೆ. ಮತ್ತೆ 0.7ರಿಂದ ಭಾಗಿಸಿದಾಗ ಅವರನ್ನೇ ಎರಡನೇ ಸಲ ಎಣಿಸಿದ ಹಾಗಾಯ್ತು. 90 ದಿನ ದಾಟಿ ಬಿಟ್ಟವರನ್ನ ಮಾತ್ರ ಬೇರೆ ತೆಗೀರಿ. ಅದು 2% ಬಂತು ಅನ್ಕೊಳ್ಳಿ: ಮೂರು ತಿಂಗಳಿಗೆ 13, ಕೊರತೆ ಸೇರಿ 21, ಭಾಗ 0.7, ಉತ್ತರ 30.

ಅದಕ್ಕೂ ಮುಂಚೆ ಪಟ್ಟಿ ಚೊಕ್ಕ ಮಾಡ್ಕೊಳ್ಳಿ. ಹಬ್ಬಕ್ಕೆ ಹೋಗಿ ಎರಡು ತಿಂಗಳು ಬಿಟ್ಟು ಬಂದವರಿಗೆ ಹೊಸ ಟೋಕನ್ (ಕೆಲಸಗಾರರ ನಂಬರ್) ಕೊಟ್ಟಿದ್ರೆ ಒಬ್ಬರೇ ‘ಬಿಟ್ಟವರು’, ‘ಸೇರಿದವರು’ ಎರಡೂ ಆಗಿರ್ತಾರೆ. ಟೋಕನ್ ಬದಲು ಯುಎಎನ್ (ಪಿಎಫ್‌ನ ಕಾಯಂ) ನಂಬರ್ ಮೇಲೆ ಹೊಂದಿಸಿ, ಅದು ಬದಲಾಗಲ್ಲ. ಬಿಟ್ಟ ತಾರೀಖು ಅಂತ ಕೊನೇ ಹಾಜರಿ ಪಂಚ್ ತಾರೀಖು ಹಾಕಿ. ಹೆಸರು ಹೊಡೆದ ತಾರೀಖು ಹಾಕಿದ್ರೆ ಎಲ್ಲರೂ ತಿಂಗಳ ಕೊನೆಗೇ ಬಿಟ್ಟ ಹಾಗೆ ಕಾಣುತ್ತೆ, ಸಂಬಳದ ಮಾರನೇ ದಿನ ಎಷ್ಟು ಜನ ಬಿಟ್ರು ಅನ್ನೋದು ಮುಚ್ಚಿಹೋಗುತ್ತೆ.

ನಾಲೆ ಬಯಲು
ವರ್ಷಕ್ಕೆಲ್ಲ ಒಂದೇ 10% ಗೈರು ಈ ಸೀಮೆಗೆ ನಡೆಯಲ್ಲ. ಭದ್ರಾ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ್ರೆ ಹರಿಹರ, ಹೊನ್ನಾಳಿ ಕಡೆ ಹಳ್ಳಿಗಳವರ ಹಾಜರಿ ನೋಡಿ. ಜಗಳೂರು ಕಡೆಯದು ಮಳೆ ನಂಬಿದ ಬೇಸಾಯ, ಅವರ ಗೈರು ಮೆಕ್ಕೆಜೋಳ ಮುರಿಯೋ ಹೊತ್ತಿಗೆ. ಊರುವಾರು, ವಾರವಾರು ಹಾಜರಿ ತೆಗೀರಿ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರೋದ್ರಿಂದ 12 ತಿಂಗಳ ಡೇಟಾ ಸಾಲಲ್ಲ. 24 ತಿಂಗಳದ್ದು ತಗೊಂಡು ಜಾತ್ರೆ ವಾರವನ್ನ ಸರಾಸರಿಯಿಂದ ಹೊರಗಿಡಿ.

ಬ್ಯಾಚ್ ಲೈನ್
ತಲೆ ಎಣಿಸಿದ್ರೆ ಪೀಸ್ ಸಿಗಲ್ಲ. ಶರ್ಟ್‌ಗೆ 20 ನಿಮಿಷ, ಒಬ್ಬರ ದಿನದ ಕೆಲಸ 480 ನಿಮಿಷ, ಎಫಿಶಿಯೆನ್ಸಿ 50% ಅಂದ್ರೆ ದಿನಕ್ಕೆ 200 × 480 × 0.5 ÷ 20 = 2,400 ಶರ್ಟ್. ಆ 200ರಲ್ಲಿ 30 ಜನ ಹೊಸಬರು, ಅವರದ್ದು 30% ಅಂದ್ರೆ 2,256. ದಿನಕ್ಕೆ 144 ಶರ್ಟ್ ಖೋತಾ! ಮೂವತ್ತೂ ಜನರನ್ನ ಒಂದೇ ಸಲ ಲೈನಿಗೆ ಬಿಡಬೇಡಿ, ವಾರಕ್ಕೆ ಐದಾರು ಜನ ಸಾಕು.

ಇನ್ನೊಂದು: ಯಾವ ಆಪರೇಷನ್‌ಗೆ ಯಾರು ಅನ್ನೋ ಪಟ್ಟಿ ಇದೆಯಾ? ಕಾಲರ್ ಅಟ್ಯಾಚ್, ಕಫ್, ತೋಳು, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಗ್ರೇಡ್ ಹಾಕಿ. ಕಾಲರ್‌ಗೆ 3ನೇ ಗ್ರೇಡಿನವರು ಲೈನಿಗೆ ಒಬ್ಬರೇ ಇದ್ರೆ, ಮಸ್ಟರ್ ತುಂಬಿದ್ರೂ ಅವರು ಬರದ ದಿನ ಲೈನ್ ನಿಂತಂಗೇ. ಸೈಡ್ ಸೀಮ್‌ನವರಿಗೆ ಕಾಲರ್ ಕಲಿಸೋದು ಹೊಸಬರನ್ನ ತರೋದಕ್ಕಿಂತ ಅಗ್ಗ.

ಮಸ್ಟರ್ ಬುಕ್
90 ದಿನ ದಾಟಿದವರದ್ದು ತೆಗೆದೆ, 2.3% ಬಂತು. 33 ಜನ ಕೇಳ್ತೀನಿ. ಹೊಸಬರು ಬಿಡೋ ಕಾರಣ ಹೇಗೆ ಹಿಡಿಯೋದು? ಫಾರಂನಲ್ಲಿ ಎಲ್ಲರದ್ದೂ ‘ವೈಯಕ್ತಿಕ ಕಾರಣ’.

ಲೆಕ್ಕಿಗ
ಆ ಕಾಲಂ ಮರೆತುಬಿಡಿ. ಸೇರಿದವರನ್ನ ಬಸ್ ರೂಟ್, ಲೈನ್ ಸೂಪರ್‌ವೈಸರ್, ಮೊದಲು ಕೊಟ್ಟ ಆಪರೇಷನ್ ಪ್ರಕಾರ ವಿಂಗಡಿಸಿ, 30ನೇ ದಿನಕ್ಕೆ ಎಷ್ಟು ಜನ ಉಳಿದ್ರು ನೋಡಿ. ಆದ್ರೆ ಆರು ತಿಂಗಳ ಸೇರ್ಪಡೆ ಒಟ್ಟುಗೂಡಿಸಿ. ಗುಂಪಲ್ಲಿ ಏಳೇ ಜನ ಇದ್ರೆ ಒಬ್ಬರು ಬಿಟ್ರೂ 14% ಅಂತ ತೋರಿಸುತ್ತೆ, ಅದನ್ನ ಹಿಡ್ಕೊಂಡು ಸೂಪರ್‌ವೈಸರ್ ಮೇಲೆ ಹರಿಹಾಯಬೇಡಿ.