ಟ್ರಂಕಿನಲ್ಲಿ ಸಿಕ್ಕ 1856ರ ಇನಾಂ ಕಮಿಷನ್ ಕಾಗದ: ಇದರಲ್ಲಿ ಏನಿದೆ, ಯಾರಾದರೂ ಹೇಳಿ

ಬೆಣ್ಣೆಹಳ್ಳದ_ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯ ಊರು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ನಾನು ಹುಟ್ಟಿ ಬೆಳೆದದ್ದೆಲ್ಲ ಮೈಸೂರಿನಲ್ಲಿ. ಹೋದ ತಿಂಗಳು ದೊಡ್ಡಪ್ಪನ ಹಳೇ ಮನೆ ಕೆಡವಿದಾಗ ಅಟ್ಟದ ಮೇಲಿದ್ದ ತಗಡಿನ ಟ್ರಂಕು ನನ್ನ ಪಾಲಿಗೆ ಬಂತು. ಬೇರೆ ಯಾರಿಗೂ ಬೇಕಿರಲಿಲ್ಲ ಅನ್ನಿ. ಅದರಲ್ಲಿ ಒಂದು ವಂಶಾವಳಿ, ಎರಡು ಹರಿದ ಪಂಚಾಂಗ, ಮತ್ತೆ ಈ ಕಾಗದ.

ದಪ್ಪ ನೀಲಿ ಛಾಯೆಯ ಹಾಳೆ, ಉದ್ದಕ್ಕೆ ಮಡಚಿದ್ದಾರೆ. ಮಡಿಕೆಯ ಹೊರಗೆ ಇಂಗ್ಲಿಷಿನಲ್ಲಿ ‘ನಂಬರ್ 1123 ಆಫ್ 1856’, ಅದರ ಕೆಳಗೆ ‘ಇನಾಂ ಕಮಿಷನ್’. ಬಿಡಿಸಿದರೆ ಬಲಗಡೆ ಅರ್ಧದಲ್ಲಿ ಮಾತ್ರ ಬರಹ. ಇಂಗ್ಲಿಷು ಒದ್ದಾಡಿಕೊಂಡು ಓದಿದೆ. ‘ಶೆಡ್ಯೂಲ್ ಬಿ, ರೂಲ್ 3’ ಅನ್ನುವುದು ಸ್ಪಷ್ಟವಾಗಿದೆ. ಈಗಿನ ಹಿಡುವಳಿದಾರನ ಆಯುಷ್ಯ ಇರುವ ತನಕ ಅಂತ ಒಂದು ಕಡೆ ಇದೆ. ಇದರ ಜೊತೆಗೆ ಮೋಡಿ ಲಿಪಿಯ (ಮರಾಠಿಯ ಹಳೇ ಕೂಡುಬರಹ) ಇನ್ನೊಂದು ಹಾಳೆಯಿದೆ. ಪುಣೆಯಲ್ಲಿರುವ ಗೆಳತಿಯ ಅತ್ತೆಗೆ ಮೋಡಿ ಬರುತ್ತದೆ. ಅವರು ಫೋಟೋ ನೋಡಿ ಇನಾಂ ಕೊಟ್ಟ ವರ್ಷದ ಜಾಗದಲ್ಲಿ ‘ಖಮ್ಸ ಸಿತ್ತೈನ ಮಯಾ ವ ಅಲಫ್’ ಅಂತಿದೆ ಎಂದರು. ಅದು ಯಾವ ಭಾಷೆಯೋ ನನಗಂತೂ ಮಂತ್ರದ ಹಾಗೆ ಕೇಳಿಸಿತು.

ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದ ಕತೆ ಹೀಗಿದೆ. ನರಗುಂದ ಸಂಸ್ಥಾನದ ದೊರೆ ಬಾಬಾಸಾಹೇಬರು ದಂಗೆ ಎದ್ದಾಗ ನಮ್ಮ ಹಿರಿಯರು ಗುಟ್ಟಾಗಿ ಕಾಳು ಕಳಿಸಿದರು, ಅದು ಗೊತ್ತಾಗಿ ಕಂಪನಿ ಸರ್ಕಾರ ಎರಡು ಕೂರಿಗೆ (ಹೊಲದ ಹಳೇ ಅಳತೆ) ಇನಾಂ ಹೊಲ, ಅಂದರೆ ಕಂದಾಯವಿಲ್ಲದೆ ಉಣ್ಣಲು ಹಿಂದಿನ ದೊರೆಗಳು ಕೊಟ್ಟಿದ್ದ ಹೊಲ, ಕಿತ್ತುಕೊಂಡಿತು. ಅಜ್ಜ ಇನ್ನೊಂದನ್ನೂ ಹೆಮ್ಮೆಯಿಂದ ಹೇಳುತ್ತಿದ್ದರಂತೆ: ‘ಬಿಳಿ ಸಾಹೇಬ ನಮ್ಮ ಮನೆತನಕ್ಕೆ ನಿಮ್ಮ ವಿಧೇಯ ಸೇವಕ ಅಂತ ಸಹಿ ಮಾಡಿದ್ದ.’ ಕೊನೆಯ ಸಾಲು ನೋಡಿದರೆ ನಿಜವಾಗಿಯೂ ‘ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್’ ಅಂತಲೇ ಇದೆ!

ವಂಶಾವಳಿಯ ಪ್ರಕಾರ ಆಗ ಯಜಮಾನರಾಗಿದ್ದವರು ತೀರಿಕೊಂಡದ್ದು ಶಕೆ 1780, ಕಾಳಯುಕ್ತಿ ಸಂವತ್ಸರದ ಶ್ರಾವಣದಲ್ಲಿ. ಆದರೆ ಕಾಗದ 1856ರದು, ನರಗುಂದದ ಬಂಡಾಯ 1858ರದು. ಎಲ್ಲೋ ತಾಳ ತಪ್ಪುತ್ತಿದೆ. ಬಲ್ಲವರು ಬಿಡಿಸಿ ಹೇಳುವಿರಾ?

ಹಳೇ_ದಫ್ತರದಾಂವ

ತಂಗೀ, ಫೋಟೋ ನೋಡಿದೆ. ಮೂವತ್ತೊಂದು ವರ್ಷ ರೆಕಾರ್ಡ್ ರೂಮಿನ್ಯಾಗ ಧೂಳ ಕುಡದಾಂವ ನಾನು. ಯಾರರೆ ಹಳೇ ಕಾಗದ ತಂದ್ರ ಒಳಗ ಏನ್ ಬರದಾರ ಅಂತ ಮೊದಲ ನೋಡಂಗಿಲ್ಲ, ಹೊರಮೈ ನೋಡ್ತೀನಿ. ಆ ಕಾಲದಾಗ ಈಗಿನಂಗ ಫೈಲು, ಟ್ಯಾಗು ಎಲ್ಲಿ ಬರಬೇಕು? ಹಾಳಿ ಉದ್ದಕ್ಕ ಮಡಚಿ ಪಟ್ಟಿ ಮಾಡ್ತಿದ್ರು. ನಂಬರು, ವರ್ಷ, ಯಾರಿಂದ ಯಾರಿಗೆ, ವಿಷಯ ಏನು, ಇಷ್ಟನ್ನ ಹೊರಗ ಬರದು, ಕಟ್ಟು ಕಟ್ಟಿ, ರುಮಾಲಿನ್ಯಾಗ ಸುತ್ತಿ ಇಡತಿದ್ರು. ರುಮಾಲು ಬಿಚ್ಚದs ಬೆರಳಿನಿಂದ ಅಂಚು ಸರಿಸಿದ್ರ ಬೇಕಾದ ಕಾಗದ ಸಿಗತಿತ್ತು. ಈಗ ಕಂಪ್ಯೂಟರ್ ಬಂದಮ್ಯಾಲೆ ಅಷ್ಟು ಲಗೂ ಸಿಗೂದಿಲ್ಲ, ಆ ಮಾತು ಬ್ಯಾರೆ.

ನಿಮ್ಮ ಪಟ್ಟಿಯ ಹೊರಮೈ ಏನ್ ಹೇಳ್ತದಂದ್ರ, ಇದು ಇನಾಂ ಕಮಿಷನ್ನಿನ ಅಧಿಕಾರಿ ತನ್ನ ಮ್ಯಾಲಿನಾಂವಗ ಬರದ ಪತ್ರದ ನಕಲು. ನಿಮ್ಮ ಮನಿಗೆ ಬರದದ್ದs ಅಲ್ಲ. ನಿಮ್ಮ ಹಿರ್ಯಾರು ಅರ್ಜಿ ಹಾಕಿ ನಕಲು ತಗೊಂಡಾರ. ಹಂಗಾಗಿ ಆ ‘ಒಬೀಡಿಯಂಟ್ ಸರ್ವೆಂಟ್’ ನಿಮ್ಮ ಸೇವಕ ಅಲ್ಲವಾ, ಸಾಹೇಬ ತನ್ನ ಸಾಹೇಬಗ ಹಾಕಿದ ಸಲಾಮು. ಸರಕಾರಿ ಪತ್ರಕ್ಕೆಲ್ಲ ಅದೊಂದು ಬಾಲ ಇರತಿತ್ತು. ಜಗಳದ ಪತ್ರಕ್ಕೂ ಅದs ಬಾಲ. ನಿಮ್ಮ ಅಜ್ಜಾರಿಗೆ ಇದನ್ನ ಯಾರೂ ಹೇಳದಿದ್ದದ್ದ ಚಲೋ ಆತು.

ಎಡಗಡೆ ಅರ್ಧ ಯಾಕ ಖಾಲಿ ಬಿಟ್ಟಾರ? ಮ್ಯಾಲಿನಾಂವ ತನ್ನ ಶೆರಾ, ಅಂದ್ರ ಟಿಪ್ಪಣಿ, ಬರೀಲಿ ಅಂತ. ನಕಲು ಮಾಡೋ ಕಾರಕೂನ ರೂಢಿ ಬಿಡಲಾರದs ನಕಲಿನ್ಯಾಗೂ ಅರ್ಧ ಬಿಟ್ಟಾನ.

ಈಗ ನಿಮ್ಮ ಮಂತ್ರ. ಅದು ಅರಬ್ಬಿ ಅಂಕಿ, ಸುಹೂರ ಸನ್ ಅಂತಾರ. ಪೇಶವಾಯಿ ದಫ್ತರದಾಗ ವರ್ಷ ಹಿಂಗs ಬರೀತಿದ್ರು. ಖಮ್ಸ ಅಂದ್ರ 5, ಸಿತ್ತೈನ ಅಂದ್ರ 60, ಮಯಾ ಅಂದ್ರ 100, ಅಲಫ್ ಅಂದ್ರ 1000. ಕೂಡಿಸಿದ್ರ 1165. ಅದಕ್ಕ 599 ಸೇರಸು, 1764 ಬಂತು. ಮಿರಗದ ಮಳಿಯಿಂದ ವರ್ಷ ಸುರು, ಅಂದ್ರ 1764ರ ಜೂನಿನಿಂದ ಮುಂದಿನ ಜೂನಿನ ತನಕ. ಆ ವರ್ಷ ಮಾಧವರಾವ್ ಪೇಶವೆ ಹೈದರಾಲಿ ಮ್ಯಾಲೆ ಇದs ನಮ್ಮ ಸೀಮಿಯೊಳಗ ದಂಡೆತ್ತಿ ಬಂದಿದ್ದ. ನಿಮ್ಮವರಿಗೆ ಹೊಲ ಯಾತಕ್ಕ ಸಿಕ್ಕಿತೋ ಮೋಡಿ ಹಾಳಿ ಪೂರ್ತಿ ಓದಿಸಿದ್ರ ತಿಳೀತದ.

ಮುಂದಿಂದು ಕಾಯ್ದೇದ ಮಾತು, ಇಲ್ಲೆ ನಿಂತು ಕೇಳು. 1818ರಾಗ ಪೇಶವಾಯಿ ಮುಗೀತು. ಕಂಪನಿ ಲೆಕ್ಕ ತಗದು ನೋಡಿದ್ರ ನೂರಾರು ಊರಾಗ ಸಾವಿರಾರು ಎಕರೆ ಹೊಲಕ್ಕ ಕಂದಾಯ ಇಲ್ಲ, ಎಲ್ಲಾ ಇನಾಂ. ಹೊಟ್ಟಿ ಉರೀದs ಇರತದ? 1843ರಿಂದ ನಮ್ಮ ಧಾರವಾಡ, ಬೆಳಗಾವಿ ಕಡೆ ತಪಾಸಣಿ ಸುರು ಮಾಡಿದ್ರು. ಆದ್ರ ಅದಕ್ಕ ಕಾಯ್ದೇದ ಬಲ ಇರಲಿಲ್ಲ. 1852ರಾಗ ಹನ್ನೊಂದನೇ ಕಾಯ್ದೆ ಬಂತು, ಕಮಿಷನ್ನಿಗೆ ಹಲ್ಲು ಬಂದ್ವು. ‘ನಿನ್ನ ಹೊಲ ಇನಾಂ ಅಲ್ಲ’ ಅಂತ ಸರಕಾರ ಸಿದ್ಧ ಮಾಡಬೇಕಾಗಿರಲಿಲ್ಲ, ‘ಇನಾಂ ಐತಿ’ ಅಂತ ನೀವ ಸಿದ್ಧ ಮಾಡಬೇಕು. ಸನದು, ಅಂದ್ರ ಇನಾಂ ಕೊಟ್ಟ ಪತ್ರ, ತೋರಸ್ಬೇಕು, ಅದನ್ನ ಕೊಟ್ಟಾಂವಗ ಕೊಡೋ ಅಧಿಕಾರ ಇತ್ತು ಅಂತ ತೋರಸ್ಬೇಕು. ಪುಣೇದಾಗಿನ ಪೇಶವೆ ದಫ್ತರದ ಲೆಕ್ಕಕ್ಕ ಅದು ಹೊಂದಬೇಕು. ಮತ್ತ ಸಿವಿಲ್ ಕೋರ್ಟಿಗೆ ಹೋಗಂಗಿಲ್ಲ, ಅದನ್ನ ಕಾಯ್ದೇನs ಮುಚ್ಚಿತ್ತು. ಇದನ್ನ ನಾ ಎಷ್ಟು ಸಲ ಓದಿದ್ರೂ ಸಿಟ್ಟು ಬರತದ. ತಾನs ವಾದಿ, ತಾನs ನ್ಯಾಯಾಧೀಶ.

ಸನದಿನ್ಯಾಗ ವಂಶಪರಂಪರೆ ಅಂತ ಗಟ್ಟಿಯಾಗಿ ಇಲ್ಲ ಅಂದ್ರ ಆ ಕಾಯ್ದೇದ ಶೆಡ್ಯೂಲ್ ಬಿ ಒಳಗಿನ ವರ್ಷದ ಲೆಕ್ಕ ಹಚ್ಚತಿದ್ರು. ಇಂಗ್ಲಿಷರ ಆಳಿಕಿ ಬರೂಕಿಂತ ಮೊದಲ 60 ವರ್ಷ ಸತತ ಉಂಡಿದ್ರ, ಮೊಮ್ಮಗನ ತಲಿಗೆ (ತಲೆಮಾರಿಗೆ) ಬಂದಿದ್ರ, ಗಂಡುಸಂತಾನ ಇರೂತನ ಹೊಲ ನಿಮ್ದು. 60 ಇಲ್ಲ, 40 ಐತಿ ಅಂದ್ರ ಮೂರನೇ ರೂಲು: 1818ರಾಗ ಉಣ್ಣತಿದ್ದಾಂವ, ಆಮ್ಯಾಲೆ ಇನ್ನ ಒಂದs ತಲಿ. ಅಲ್ಲಿಗೆ ಮುಗೀತು.

ಈಗ ಬೆರಳ ಮಡಚು. 1764ರಿಂದ 1818. ಐವತ್ತನಾಲ್ಕು. ಆರು ವರ್ಷ ಕಡಿಮಿ ಬಿತ್ತವಾ.

1856ರಾಗ ಇದ್ದ ನಿಮ್ಮ ಯಜಮಾನರು ಆ ‘ಇನ್ನ ಒಂದು ತಲಿ’. ಅವರು ಇರೂತನ ಉಣ್ಲಿ, ಆಮ್ಯಾಲೆ ಸರಕಾರಕ್ಕ, ಅಂತ ತೀರ್ಪು. ಶಕೆ 1780 ಅಂದ್ರ 1858. ಶ್ರಾವಣ ಅಂದ್ರ ಆಗಸ್ಟಿನ ಸುಮಾರು. ನರಗುಂದದ ಗದ್ದಲ ಆದದ್ದು ಮೇ ಕೊನಿಗೆ, ಬಾಬಾಸಾಹೇಬರನ್ನ ಬೆಳಗಾವಿಯೊಳಗ ಗಲ್ಲಿಗೆ ಹಾಕಿದ್ದು ಜೂನ್ 12ಕ್ಕ. ಅದಾದ ಎರಡು ತಿಂಗಳಿಗೆ ನಿಮ್ಮ ಯಜಮಾನರು ಹ್ವಾದ್ರು, ಬೆನ್ನ ಹಿಂದ ಹೊಲಾನೂ ಹೋತು. ಮನ್ಯಾಗಿನ ಹೆಣ್ಣಮಕ್ಕಳಿಗೆ ಶೆಡ್ಯೂಲ್ ಬಿ ಯಾರ ತಿಳಿಸಿ ಹೇಳಿದ್ದಾರು? ಬಂಡಾಯ ಆತು, ಹೊಲ ಹೋತು. ಎರಡೂ ಕೂಡಿ ಒಂದ ಕತಿ ಆತು.

ಸುರೇಬಾನದ_ಹುಡುಗ

ಹಿರಿಯರ ಲೆಕ್ಕ ಸರಿ ಇರಬಹುದು. ಆದರೆ ಮನೆತನದ ಕತೆಯನ್ನು ಇಷ್ಟು ಬೇಗ ಗುಡಿಸಿ ಹಾಕಬೇಡಿ. ದಂಗೆಗೆ ಸೇರಿದವರ ಆಸ್ತಿ ಜಪ್ತಿ ಆದದ್ದೂ ಸುಳ್ಳಲ್ಲ. 1858ರ ಮೇ 29ರ ರಾತ್ರಿ ಕಂಪನಿಯ ಅಧಿಕಾರಿ ಮ್ಯಾನ್ಸನ್ನನ್ನು ಬಾಬಾಸಾಹೇಬರ ಕಡೆಯವರು ಕೊಂದದ್ದು ನಮ್ಮೂರು ಸುರೇಬಾನದಲ್ಲೇ. ಅವನ ತಲೆಯನ್ನು ನರಗುಂದದಲ್ಲಿ ಅಗಸಿಗೆ ಕಟ್ಟಿದ್ದನ್ನು ನಮ್ಮ ಕಡೆ ಇವತ್ತಿಗೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ಬರೀ ಕಡತ ನೋಡಿದರೆ ಸರ್ಕಾರ ಹೇಳಿದ್ದೇ ಇತಿಹಾಸ ಆಗುತ್ತದೆ.

ಹಳೇ_ದಫ್ತರದಾಂವ

ತಮ್ಮಾ, ನಾ ಎಲ್ಲಿ ಗುಡಿಸಿ ಹಾಕಿದೆ? ನೀ ಹೇಳಿದ ಮ್ಯಾನ್ಸನ್ ಯಾರು ನೆನಪ ಮಾಡ್ಕೋ. ಪೊಲಿಟಿಕಲ್ ಏಜೆಂಟ್ ಆಗೂಕಿಂತ ಮೊದಲ ಅಂವ ಇದs ಇನಾಂ ಕಮಿಷನ್ನಿನ್ಯಾಗ ಅಸಿಸ್ಟಂಟ್. ನಮ್ಮ ಸೀಮಿ ಇನಾಂದಾರರಿಗೆ ಅವನ ಹೆಸರು ನರಗುಂದಕ್ಕ ಬರೂಕಿಂತ ಮೊದಲs ಗೊತ್ತಿತ್ತು. ಬಾಬಾಸಾಹೇಬರಿಗೆ ಗಂಡುಮಗ ಇರಲಿಲ್ಲ, ದತ್ತಕ ಕೇಳಿದ್ರ ಸರಕಾರ ಒಲ್ಲೆ ಅಂತು. ಸಂಸ್ಥಾನಕ್ಕ ದತ್ತಕದ ಗಂಟಲಗಾಣ, ಸಣ್ಣ ಇನಾಂದಾರಗ ಶೆಡ್ಯೂಲ್ ಬಿ. ಅಂಥಾ ಸಿಟ್ಟಿನ್ಯಾಗ ಊರ ಮಂದಿ ಕಾಳು ಕಳಸಿದ್ರ ಏನ್ ಆಶ್ಚರ್ಯ? ನಾ ಅನ್ನೂದಿಷ್ಟs: ಈ ಹೊಲ ಆ ಕಾರಣಕ್ಕ ಹೋಗಿಲ್ಲ. ಎರಡು ವರ್ಷ ಮೊದಲs ಅದರ ಸಾವು ಬರದಿಟ್ಟಿದ್ರು, ಮಾಲಕ ಸಾಯೂದೊಂದ ಬಾಕಿ ಇತ್ತು.

ಇನ್ನೊಂದು, ಇದು ನನಗ ಭಾಳ ಕಾಡೂ ಮಾತು. 1857ರ ಹೊಡತ ತಿಂದ ಮ್ಯಾಲೆ ಸರಕಾರ ಮೆತ್ತಗಾತು. 1863ರಾಗ ಮುಂಬಯಿ ಸರಕಾರ ಎರಡನೇ ಕಾಯ್ದೆ ತಂತು. ಯಾರ ತಪಾಸಣಿ ಮುಗದಿಲ್ಲೋ ಅವರು ಪುರಾವೆ ಪಿರಾವೆ ಏನೂ ಕೊಡಬ್ಯಾಡ್ರಿ, ಆಕಾರದ (ಪೂರ್ತಿ ಕಂದಾಯದ) ಕಾಲು ಭಾಗ ಜೂಡಿ ಅಂತ ಕಟ್ರಿ, ಮ್ಯಾಲೊಂದಿಷ್ಟು ನಜರಾಣಾ, ಅಂದ್ರ ಕಾಣಿಕಿ, ಕೊಡ್ರಿ, ಹೊಲ ಕಾಯಂ ನಿಮ್ದು, ಮಾರ್ರಿ, ದತ್ತಕಕ್ಕ ಕೊಡ್ರಿ, ಕೇಳಂಗಿಲ್ಲ ಅಂತು. ಅಂದ್ರ ಯಾರ ಕಾಗದ ಕಾರಕೂನನ ಕಟ್ಟಿನ ತಳದಾಗ ಉಳದಿತ್ತೋ ಅವರು ಬಚಾವ್. ಯಾರು ಕರೆದ ಕೂಡ್ಲೆ ಸನದು ತಗೊಂಡು ಓಡಿ ಹೋಗಿ ವಿಚಾರಣಿ ಮುಗಿಸ್ಕೊಂಡ್ರೋ ಅವರು ಕೆಟ್ರು. ನೌಕರಿಯೊಳಗ ಇದ್ದಾಗ ಸಾಹೇಬ್ರು ‘ಪೆಂಡಿಂಗ್ ಯಾಕ ಇಟ್ಟೀ’ ಅಂತ ಬೈದಾಗೆಲ್ಲ ನನಗ ಈ 1863ನೇ ಇಸವಿ ನೆನಪಾಗಿ ನಗು ಬರತಿತ್ತು.

ಕರಿಕೋಟು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ವಕೀಲನಾಗಿ ಒಂದು ಎಚ್ಚರಿಕೆ: ಈ ಕಾಗದ ಹಿಡಿದು ಯಾರಾದರೂ ‘ಹೊಲ ವಾಪಸ್ ಕೊಡಿಸುತ್ತೇನೆ, ಖರ್ಚಿಗೆ ಇಷ್ಟು ಕೊಡಿ’ ಎಂದರೆ ನಂಬಬೇಡಿ. 1863ರಲ್ಲಿ ಕಾಯಂ ಆದ ಖಾಸಗಿ ಇನಾಮುಗಳನ್ನೇ ಮುಂಬಯಿ ಸರ್ಕಾರ 1952ರ ಕಾಯ್ದೆಯಲ್ಲಿ ರದ್ದು ಮಾಡಿತು. ಕುಲಕರ್ಣಿ ವತನಗಳು (ಊರ ಲೆಕ್ಕ ಬರೆಯುವವರ ವಂಶಪಾರಂಪರ್ಯ ಹಕ್ಕುಗಳು) ಅದಕ್ಕೂ ಮೊದಲು, 1950ರ ಕಾಯ್ದೆಯಲ್ಲಿ ಹೋದವು. ನಿಮ್ಮದು 1858ರಲ್ಲೇ ಮುಗಿದ ವಿಷಯ. ಕಾಗದವನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಅಷ್ಟು ಸಾಕು.

ಬೆಣ್ಣೆಹಳ್ಳದ_ಮೊಮ್ಮಗಳು

ಎಲ್ಲರಿಗೂ ಧನ್ಯವಾದ. ಲ್ಯಾಮಿನೇಶನ್ ಅಂಗಡಿಗೆ ಹೋಗಬೇಕೆಂದೇ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ, ಉಳಿಯಿತು!

ಕಾಕಾ, ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಸೇವಕನ ಕತೆ ಕೇಳಿ ನಕ್ಕರು. ಆರು ವರ್ಷ ಕಡಿಮೆ ಅಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆರೇ ವರ್ಷಾನಾ?’ ಅಂತ ಎರಡು ಸಲ ಕೇಳಿದರು. ಆಮೇಲೆ ಎದುರು ಮನೆಯವರ ಇನಾಂ ಹೊಲ ತಾನು ಹುಡುಗನಾಗಿದ್ದಾಗಲೂ ಇತ್ತು, ಅವರಿಗೆ ಹೇಗೆ ಉಳಿಯಿತು ಅಂತ ಇಷ್ಟು ವರ್ಷ ಅರ್ಥವಾಗಿರಲಿಲ್ಲ ಎಂದರು. ಅವರ ಕಾಗದ ತಳದಲ್ಲಿ ಉಳಿದಿತ್ತೇನೋ.

ಇನ್ನೊಂದು ವಿಷಯ. ಎಡಗಡೆ ಅರ್ಧ ಖಾಲಿ ಅಂದಿದ್ದೆ, ಅದು ತಪ್ಪು. ನಿನ್ನೆ ಕಿಟಕಿ ಹತ್ತಿರ ಬೆಳಕಿಗೆ ಹಿಡಿದು ನೋಡಿದೆ. ತಳದಲ್ಲಿ ಮಾಸಿದ ಶಾಯಿಯಲ್ಲಿ ಕನ್ನಡ ಅಕ್ಷರಗಳಿವೆ, ಬೇರೆ ಕೈಬರಹ. ‘ನರಗುಂದಕ್ಕೆ ಜ್ವಾಳ ಹೇರು 6’ ಅಂತ ಓದಿಕೊಂಡೆ. ಅದರ ಕೆಳಗೆ ಇನ್ನೊಂದು ಸಾಲು, ‘ಕಡ್ಲಿ ಹೇರು 2’.

ಹಳೇ_ದಫ್ತರದಾಂವ

ತಡೀವಾ, ಗಡಬಡಿ ಮಾಡಬ್ಯಾಡ. ನರಗುಂದ ಅಂದಕೂಡ್ಲೆ ಬಂಡಾಯ ಅಲ್ಲ. ಅಲ್ಲೆ ಸಂತೀನೂ ಆಗತಿತ್ತು, ಜ್ವಾಳ ಮಾರಲಿಕ್ಕೆ ಹೇರು ಕಟ್ಟಿರಬಹುದು. ಕಾಗದ ಚಲೋದಿತ್ತು, ಅರ್ಧ ಖಾಲಿ ಇತ್ತು, ಯಾರೋ ಮನಿ ಲೆಕ್ಕ ಬರಕೊಂಡಾರ. ತಾರೀಖು ಐತೇನು ನೋಡು. ಇಲ್ಲಂದ್ರ ಬಾಜೂಕ ರೊಕ್ಕ ಬರದಾರೇನು ನೋಡು. ಮಾರಿದ ಮಾಲಿಗೆ ರೊಕ್ಕ ಬರೀದs ಬಿಡೋ ಪೈಕಿ ಅಲ್ಲ ನಮ್ಮ ಮಂದಿ.

ಬೆಣ್ಣೆಹಳ್ಳದ_ಮೊಮ್ಮಗಳು

ಭೂತಗನ್ನಡಿ ತಂದು ನೋಡಿದೆ ಕಾಕಾ. ತಾರೀಖು ಇಲ್ಲ. ರೊಕ್ಕಾನೂ ಬರೆದಿಲ್ಲ.